ಪ್ರಮಾಣಿಸಿ ನೋಡು: ಪ್ರಯೋಗವನ್ನು ಮತ್ತೆ ಮಾಡಿದವರ ಕಥೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಕಣ್ಣಾರೆ ಕಂಡ ಮೇಲೆ ಇನ್ನೇನು ಸಾಕ್ಷಿ ಬೇಕು ಎಂದು ಲೋಕದ ಜನ ಕೇಳುತ್ತಾರೆ. ಈ ಗಾದೆಯನ್ನು ಕಟ್ಟಿದ ಹಿರಿಯರು ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಕಣ್ಣೂ ಮೋಸಹೋಗಬಲ್ಲದು, ಕಂಡದ್ದನ್ನೂ ಒರೆಗೆ ಹಚ್ಚು ಎಂದರು. ಆಧುನಿಕ ವಿಜ್ಞಾನದ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿ ಈ ಗಾದೆಯಂತೆ ನಡೆದ ಕಾಲವೂ ಉಂಟು, ಇದನ್ನು ಮರೆತು ಪೇಚಿಗೆ ಸಿಕ್ಕಿಕೊಂಡ ಕಾಲವೂ ಉಂಟು. ಇಲ್ಲಿ ಹೇಳಹೊರಟಿರುವುದು ಆ ಎರಡು ಕಾಲಗಳ ಕಥೆ.

ದಿನಪತ್ರಿಕೆಯಲ್ಲಿ ಈ ತಿಂಗಳು ಕಾಫಿ ಹೃದಯಕ್ಕೆ ಒಳ್ಳೆಯದು ಎಂಬ ಸುದ್ದಿ ಬರುತ್ತದೆ. ಮುಂದಿನ ತಿಂಗಳು ಕಾಫಿ ಹೃದಯಕ್ಕೆ ಕೆಟ್ಟದ್ದು ಎಂದು ಬರುತ್ತದೆ. ಎರಡನ್ನೂ ಹೇಳಿದವರು ವಿಜ್ಞಾನಿಗಳೇ. ಹಾಗಾದರೆ ಯಾರನ್ನು ನಂಬುವುದು ಎಂದು ನೀವು ಕೇಳುವುದು ಸಹಜ. ಇದಕ್ಕೆ ವಿಜ್ಞಾನ ಕೊಡುವ ಉತ್ತರ ಸರಳವಾದದ್ದು: ಯಾರನ್ನೂ ನಂಬಬೇಡಿ, ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಿ. ಒಬ್ಬರ ಕೈಯಲ್ಲಿ ಆದದ್ದು, ಅದೇ ಕ್ರಮ ಹಿಡಿದು ಮಾಡಿದರೆ ಇನ್ನೊಬ್ಬರ ಕೈಯಲ್ಲೂ ಆಗಬೇಕು. ವಿದ್ವಾಂಸರು ಇದನ್ನು ‘ಪುನರಾವರ್ತನೀಯತೆ’ ಎಂಬ ದೊಡ್ಡ ಹೆಸರಿನಿಂದ ಕರೆಯುತ್ತಾರೆ. ಹೆಸರು ನಾಲಿಗೆಗೆ ತೊಡಕಾದರೂ ಅರ್ಥ ಇಷ್ಟೇ.

ಯಾರ ಮಾತನ್ನೂ ಹಾಗೆಯೇ ಒಪ್ಪಬೇಡ

1660ರಲ್ಲಿ ಲಂಡನ್ನಿನಲ್ಲಿ ಕೆಲವು ಜಿಜ್ಞಾಸುಗಳು ಸೇರಿ ಒಂದು ಸಂಘ ಕಟ್ಟಿಕೊಂಡರು. ಅದೇ ಮುಂದೆ ರಾಯಲ್ ಸೊಸೈಟಿ ಎಂದು ಪ್ರಸಿದ್ಧವಾಯಿತು. ಯಾರ ಮಾತನ್ನೂ ಮಾತೆಂಬ ಕಾರಣಕ್ಕೆ ಒಪ್ಪಬೇಡ ಎಂಬ ಅರ್ಥದ ಲ್ಯಾಟಿನ್ ನುಡಿಯನ್ನು ಅವರು ತಮ್ಮ ಧ್ಯೇಯವಾಕ್ಯವಾಗಿ ಇಟ್ಟುಕೊಂಡರು. ಹಳೆಯ ಗ್ರಂಥದಲ್ಲಿದೆ, ಮಹಾಪುರುಷರು ಹೇಳಿದ್ದಾರೆ ಎಂಬುದು ಅವರಿಗೆ ಪ್ರಮಾಣವಾಗಿರಲಿಲ್ಲ. ಸಭೆಯ ಮುಂದೆ ಮಾಡಿ ತೋರಿಸಿದ್ದು ಮಾತ್ರ ಪ್ರಮಾಣ.

ಈ ಸಂಘದ ಪ್ರಮುಖರಲ್ಲಿ ರಾಬರ್ಟ್ ಬಾಯ್ಲ್ ಒಬ್ಬ. ಗಾಜಿನ ಬುರುಡೆಯೊಳಗಿನ ಗಾಳಿಯನ್ನು ಹೊರಗೆಳೆಯುವ ಪಂಪೊಂದನ್ನು ಆತ ರಾಬರ್ಟ್ ಹುಕ್‌ನ ನೆರವಿನಿಂದ ಸಿದ್ಧಪಡಿಸಿ, ತನ್ನ ಪ್ರಯೋಗಗಳ ವಿವರವನ್ನು 1660ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಅಂಥ ಪಂಪು ಆಗ ಯೂರೋಪಿನಲ್ಲೆಲ್ಲ ಬೆರಳೆಣಿಕೆಯಷ್ಟು ಮಾತ್ರ ಇದ್ದವು. ಕಟ್ಟಿಸಲು ಭಾರಿ ಹಣ ಬೇಕಾಗಿತ್ತು. ಎಲ್ಲರೂ ಬಂದು ನೋಡಲಾರರು, ಎಲ್ಲರೂ ಮಾಡಿ ನೋಡಲಾರರು. ಆದ್ದರಿಂದ ಬಾಯ್ಲ್ ಒಂದು ಹೊಸ ಬರವಣಿಗೆಯ ಕ್ರಮವನ್ನು ಹಿಡಿದ. ಪಂಪಿನ ಯಾವ ಸಂದಿಯಲ್ಲಿ ಗಾಳಿ ಸೋರಿತು, ಯಾವ ಪ್ರಯೋಗ ಕೆಟ್ಟಿತು ಎಂಬುದನ್ನೂ ಬಿಡದೆ ಬರೆದ. ಓದುವವನಿಗೆ ತಾನೇ ಪಕ್ಕದಲ್ಲಿ ನಿಂತು ನೋಡಿದಂತಾಗಬೇಕು ಎಂಬುದು ಅವನ ಉದ್ದೇಶ. 1661ರಲ್ಲಿ ಕೈಗೂಡದ ಪ್ರಯೋಗಗಳ ಬಗೆಗೇ ಅವನು ಎರಡು ಪ್ರಬಂಧಗಳನ್ನು ಪ್ರಕಟಿಸಿದ. ಸೋಲನ್ನು ಮುಚ್ಚಿಡಬಾರದು ಎಂಬ ಈ ಪಾಠವನ್ನು ಮುಂದಿನವರು ಎಷ್ಟರಮಟ್ಟಿಗೆ ಮರೆತರು ಎಂಬುದನ್ನು ಮುಂದೆ ನೋಡೋಣ.

ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್ ತನ್ನ ಊರಿನಲ್ಲೇ ಇಂಥದೊಂದು ಪಂಪನ್ನು ಕಟ್ಟಿದ. ಅದರಲ್ಲಿ ಅವನಿಗೊಂದು ವಿಚಿತ್ರ ಕಂಡಿತು. ಕರಗಿದ ಗಾಳಿಯನ್ನೆಲ್ಲ ತೆಗೆದ ನೀರನ್ನು ಕೊಳವೆಯಲ್ಲಿ ತುಂಬಿ ಪಂಪಿನೊಳಗೆ ಇಟ್ಟು ಸುತ್ತಲಿನ ಗಾಳಿಯನ್ನು ಎಳೆದರೆ, ಆ ನೀರು ಕೆಳಗಿಳಿಯಬೇಕಷ್ಟೆ. ಇಳಿಯಲಿಲ್ಲ, ನಿಂತಲ್ಲೇ ನಿಂತಿತು. ಲಂಡನ್ನಿನವರು ಮೊದಲು ಇದನ್ನು ಒಪ್ಪಲಿಲ್ಲ. ನಿಮ್ಮ ಪಂಪೇ ಸೋರುತ್ತಿರಬೇಕು ಎಂದರು. ಪತ್ರಗಳು ಓಡಾಡಿದವು, ವಾದ ಬೆಳೆಯಿತು. ಕೊನೆಗೆ 1663ರಲ್ಲಿ ಹೈಗೆನ್ಸ್ ಸ್ವತಃ ಲಂಡನ್ನಿಗೆ ಬಂದು ಅಲ್ಲಿನ ಪಂಪಿನಲ್ಲೇ ಅದನ್ನು ತೋರಿಸಿದ ಮೇಲೆ ಆ ವಿಚಿತ್ರ ನಿಜವೆಂದು ಎಲ್ಲರೂ ಒಪ್ಪಿದರು. ಕಾಗದದ ಮೇಲೆ ಬಗೆಹರಿಯದ ವಿವಾದ ಕೈಕೆಲಸದಿಂದ ಬಗೆಹರಿಯಿತು.

ಇದಕ್ಕಿಂತ ಸ್ವಾರಸ್ಯವಾದದ್ದು ಲೀವೆನ್‌ಹುಕ್‌ನ ಪ್ರಸಂಗ. ಡೆಲ್ಫ್ಟ್ ಪಟ್ಟಣದ ಈ ಬಟ್ಟೆ ವ್ಯಾಪಾರಿ, ತಾನೇ ಉಜ್ಜಿ ಮಾಡಿದ ಮಸೂರದಿಂದ ನೀರಿನ ಹನಿಯಲ್ಲಿ ಓಡಾಡುವ ಅತಿ ಸೂಕ್ಷ್ಮ ಜೀವಿಗಳನ್ನು ಕಂಡು 1676ರ ಅಕ್ಟೋಬರಿನಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದ. ಒಂದು ಹನಿಯಲ್ಲಿ ಲೆಕ್ಕವಿಲ್ಲದಷ್ಟು ಪ್ರಾಣಿಗಳೆಂದರೆ ಯಾರು ನಂಬಿಯಾರು? ಊರಿನ ಪಾದ್ರಿಗಳು ಮುಂತಾದ ಎಂಟು ಮಂದಿ ಗೌರವಸ್ಥರಿಂದ ನಾವೂ ಕಂಡೆವು ಎಂದು ಬರೆಸಿ ಆತ ಸಾಕ್ಷಿಪತ್ರಗಳನ್ನು ಕಳಿಸಿದ. ಸೊಸೈಟಿಯವರು ಸಾಕ್ಷಿಪತ್ರಗಳಿಗೆ ತೃಪ್ತರಾಗಲಿಲ್ಲ; ಮೆಣಸು ನೆನೆಸಿದ ನೀರಿನಲ್ಲಿ ಅದನ್ನು ಕಂಡು ತೋರಿಸುವಂತೆ ಹುಕ್‌ಗೆ ಹೇಳಿದರು. ಮೊದಲ ಯತ್ನಗಳಲ್ಲಿ ಏನೂ ಕಾಣಲಿಲ್ಲ. ಹುಕ್ ಸೂಕ್ಷ್ಮದರ್ಶಕವನ್ನೂ ಕೊಳವೆಗಳನ್ನೂ ಸುಧಾರಿಸಿಕೊಂಡು ಮತ್ತೆ ನೋಡಿದ. 1677ರ ನವೆಂಬರಿನಲ್ಲಿ ಆ ಜೀವಿಗಳು ಸಭೆಯವರ ಕಣ್ಣಿಗೂ ಬಿದ್ದವು. ಮೊದಲ ಸಲ ಆಗಲಿಲ್ಲವೆಂದ ಮಾತ್ರಕ್ಕೆ ಲೀವೆನ್‌ಹುಕ್ ಸುಳ್ಳನಾಗಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಮರುಪ್ರಯೋಗವೆಂದರೆ ಎದುರಾಳಿಯನ್ನು ಕೆಡವುವ ಕುಸ್ತಿಯಲ್ಲ. ಅದಕ್ಕೆ ತಾಳ್ಮೆಯೂ ಕೈಗಾರಿಕೆಯೂ ಎರಡೂ ಬೇಕು.

ಇಲ್ಲದ್ದನ್ನು ಕಂಡವರು

ಈಗ ಸುಮಾರು ಎರಡೂಕಾಲು ಶತಮಾನ ಮುಂದಕ್ಕೆ ಬನ್ನಿ. 1895ರಲ್ಲಿ ಜರ್ಮನಿಯ ರಂಟ್‌ಗೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದ. ಮರುವರ್ಷವೇ ಫ್ರಾನ್ಸಿನ ಬೆಕ್ವೆರೆಲ್ ಯುರೇನಿಯಂ ಹೊರಸೂಸುವ ಕಿರಣಗಳನ್ನು ಕಂಡ. ಹೊಸ ಕಿರಣವೆಂದರೆ ಯಾರಿಗೂ ಆಶ್ಚರ್ಯವಾಗದಿದ್ದ ಕಾಲ ಅದು. 1903ರಲ್ಲಿ ಫ್ರಾನ್ಸಿನ ನಾನ್ಸಿ ವಿಶ್ವವಿದ್ಯಾಲಯದ ರೆನೆ ಬ್ಲೊಂಡ್ಲೋ ಎಂಬ ಗೌರವಾನ್ವಿತ ಭೌತವಿಜ್ಞಾನಿ ಮತ್ತೊಂದು ಕಿರಣವನ್ನು ಕಂಡೆನೆಂದು ಪ್ರಕಟಿಸಿ, ತನ್ನ ಊರಿನ ಹೆಸರಿನ ಮೊದಲ ಅಕ್ಷರದಿಂದ ಅದಕ್ಕೆ ‘ಎನ್ ಕಿರಣ’ ಎಂದು ಹೆಸರಿಟ್ಟ.

ಈ ಕಿರಣ ಬಿದ್ದರೆ ಮಂಕಾದ ಕಿಡಿಯೋ ಮಿಣುಕುವ ಪರದೆಯೋ ಒಂದಿಷ್ಟು ಹೆಚ್ಚು ಬೆಳಗುತ್ತದೆ ಎಂಬುದು ಅದರ ಗುರುತು. ಆ ಹೆಚ್ಚಳವನ್ನು ಕತ್ತಲ ಕೋಣೆಯಲ್ಲಿ ಬಹಳ ಹೊತ್ತು ಕುಳಿತು, ಕಣ್ಣನ್ನು ಪಳಗಿಸಿಕೊಂಡು ನೋಡಬೇಕಾಗಿತ್ತು. ಫ್ರಾನ್ಸಿನಲ್ಲಿ ಅನೇಕರು ಕಂಡೆವೆಂದರು. ನರಗಳಿಂದಲೂ ಸ್ನಾಯುಗಳಿಂದಲೂ ಆ ಕಿರಣ ಹೊರಡುತ್ತದೆ ಎಂದು ಒಬ್ಬರು ಹೇಳಿದರು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸುಮಾರು 300 ಪ್ರಬಂಧಗಳನ್ನು ಬರೆದರು. 1904ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಬ್ಲೊಂಡ್ಲೋಗೆ 50,000 ಫ್ರಾಂಕುಗಳ ಬಹುಮಾನ ನೀಡಿತು. ಇಂಗ್ಲೆಂಡ್, ಜರ್ಮನಿಗಳ ಘಟಾನುಘಟಿ ವಿಜ್ಞಾನಿಗಳು ಮಾತ್ರ ಎಷ್ಟು ಪ್ರಯತ್ನಿಸಿದರೂ ಏನೂ ಕಾಣಲಿಲ್ಲವೆಂದರು. ನಿಮ್ಮ ಕಣ್ಣು ಪಳಗಿಲ್ಲ ಎಂಬುದು ಅವರಿಗೆ ಸಿಕ್ಕ ಸಮಾಧಾನ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ವುಡ್ ಬೆಳಕಿನ ವಿಷಯದಲ್ಲಿ ಪ್ರಕಾಂಡ ಪಂಡಿತ, ಜೊತೆಗೆ ತುಂಟ ಸ್ವಭಾವದವನು. 1904ರ ಸೆಪ್ಟೆಂಬರಿನಲ್ಲಿ ಅವನು ನಾನ್ಸಿಗೆ ಹೋದ. ಎನ್ ಕಿರಣವನ್ನು ಅಲ್ಯುಮಿನಿಯಂ ಪಟ್ಟಕದ ಮೂಲಕ ಹಾಯಿಸಿದರೆ ಅದು ಬೇರೆಬೇರೆ ಸ್ಥಾನಗಳಲ್ಲಿ ಹರಡಿಕೊಳ್ಳುತ್ತದೆಂದು ಬ್ಲೊಂಡ್ಲೋ ಕತ್ತಲಲ್ಲಿ ಆ ಸ್ಥಾನಗಳನ್ನು ಓದಿ ಹೇಳುತ್ತಿದ್ದ. ವುಡ್ ಕತ್ತಲಲ್ಲೇ ಮೆಲ್ಲಗೆ ಕೈ ಚಾಚಿ ಪಟ್ಟಕವನ್ನು ಎತ್ತಿ ತೆಗೆದುಬಿಟ್ಟ. ಪಟ್ಟಕವಿಲ್ಲದೆಯೂ ಸ್ಥಾನಗಳ ಓದು ಮೊದಲಿನಂತೆಯೇ ಸಾಗಿತು! ಕಣ್ಣಿನ ಬಳಿ ಉಕ್ಕಿನ ಅರವನ್ನು ಹಿಡಿದರೆ ಮಬ್ಬು ಬೆಳಕಿನಲ್ಲೂ ಗಡಿಯಾರದ ಮುಳ್ಳು ಕಾಣುತ್ತದೆ ಎಂಬ ಇನ್ನೊಂದು ಪ್ರಯೋಗವಿತ್ತು. ವುಡ್ ಅರದ ಜಾಗದಲ್ಲಿ ಮರದ ತುಂಡನ್ನು ಇಟ್ಟ. ಫಲ ಬದಲಾಗಲಿಲ್ಲ. ಅದೇ ತಿಂಗಳ 29ರ ‘ನೇಚರ್’ ಪತ್ರಿಕೆಯಲ್ಲಿ ಅವನ ಪತ್ರ ಅಚ್ಚಾಯಿತು. ಫ್ರಾನ್ಸಿನ ಹೊರಗೆ ಎನ್ ಕಿರಣದ ಮಾತು ಅಲ್ಲಿಗೆ ಮುಗಿಯಿತು. ಫ್ರಾನ್ಸಿನಲ್ಲೂ ಕೆಲವೇ ವರ್ಷಗಳಲ್ಲಿ ಆರಿಹೋಯಿತು.

ಬ್ಲೊಂಡ್ಲೋ ವಂಚಕನೇ? ಹಾಗೆ ಹೇಳಲು ಆಧಾರವಿಲ್ಲ. ಅವನು ಪ್ರಾಮಾಣಿಕವಾಗಿಯೇ ಕಂಡ. ಕಾಣಬೇಕೆಂಬ ಆಸೆಯೇ ಅವನ ಕಣ್ಣಿಗೆ ತೋರಿಸಿತು. ನೂರು ಜನ ಒಪ್ಪಿದರೆ ಪ್ರಮಾಣವಾಗುವುದಿಲ್ಲ, ಏನು ಕಾಣಬೇಕೆಂದು ಮೊದಲೇ ತಿಳಿಯದವನಿಗೂ ಕಂಡರೆ ಮಾತ್ರ ಪ್ರಮಾಣ. ಈ ಸೂಕ್ಷ್ಮ ನಾನ್ಸಿಯಲ್ಲಿ ತಪ್ಪಿತ್ತು.

ಅದೇ ವುಡ್, ಇನ್ನೊಂದು ಕಿರಣ

ಇಪ್ಪತ್ನಾಲ್ಕು ವರ್ಷಗಳ ನಂತರ ಅದೇ ವುಡ್‌ನ ಮುಂದೆ ಮತ್ತೊಂದು ಹೊಸ ಬೆಳಕಿನ ಸುದ್ದಿ ಬಂತು. ಈ ಸಲ ಸುದ್ದಿ ಹೊರಟದ್ದು ಕಲ್ಕತ್ತೆಯಿಂದ.

ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ 1923ರಿಂದಲೇ ಒಂದು ಮಂಕು ಬೆಳಕು ಕಾಡುತ್ತಿತ್ತು. ದ್ರವದ ಮೂಲಕ ಬೆಳಕು ಹಾಯುವಾಗ ಅದರಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡಂತೆ ತೋರುತ್ತಿತ್ತು. ದ್ರವದಲ್ಲಿ ಕಲ್ಮಷವಿರಬೇಕು, ಅದರ ಹೊಳಪು ಇದು ಎಂದು ಮೊದಲು ಅನುಮಾನಪಟ್ಟವರು ಅವರೇ. ಶಿಷ್ಯ ಕೆ. ಆರ್. ರಾಮನಾಥನ್ ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿ ನೋಡಿದರು, ಬೆಳಕು ಹೋಗಲಿಲ್ಲ. ಮುಂದೆ ಕೆ. ಎಸ್. ಕೃಷ್ಣನ್ ಹಲವಾರು ದ್ರವಗಳಲ್ಲಿ ಪರೀಕ್ಷೆ ನಡೆಸಿದರು. ಎಲ್ಲದರಲ್ಲೂ ಅದು ಇತ್ತು. 1928ರ ಫೆಬ್ರವರಿ 28ರಂದು ಪಾದರಸದ ದೀಪದ ಬೆಳಕನ್ನು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದಾಗ ಬದಲಾದ ಬಣ್ಣ ಪ್ರತ್ಯೇಕವಾಗಿ, ಸ್ಪಷ್ಟವಾಗಿ ಕಂಡಿತು. ಆ ದಿನವನ್ನೇ ನಾವಿಂದು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ.

ಆ ಮೇಲಿನ ಎರಡು ವಾರಗಳಲ್ಲಿ ರಾಮನ್ ಏನು ಮಾಡಿದರೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಕಣ್ಣಿಗೆ ಕಂಡದ್ದನ್ನು ಅವರು ಛಾಯಾಚಿತ್ರದ ಫಲಕದ ಮೇಲೆ ಇಳಿಸಿದರು. ಫಲಕದ ಮೇಲಿನ ಗೆರೆಗೆ ಯಾರ ಆಸೆಯೂ ತಗಲುವುದಿಲ್ಲ. ಅದನ್ನು ಯಾರು ಬೇಕಾದರೂ ಅಳೆಯಬಹುದು. ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅವರು ಈ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟರು. ಉಪಕರಣ ಯಾವುದು, ದೀಪ ಯಾವುದು, ಹೇಗೆ ಜೋಡಿಸಬೇಕು ಎಂಬ ವಿವರಗಳಿದ್ದ ಆ ಉಪನ್ಯಾಸ ಅದೇ ತಿಂಗಳ ಕೊನೆಯಲ್ಲಿ ಅಚ್ಚಾಗಿ, ಅದರ ಪ್ರತಿಗಳು ಪ್ರಪಂಚದ ನಾನಾ ಪ್ರಯೋಗಶಾಲೆಗಳಿಗೆ ಅಂಚೆಯಲ್ಲಿ ಹೋದವು.

ಬರ್ಲಿನ್ನಿನಲ್ಲಿ ಪ್ರಿಂಗ್‌ಷೈಮ್ ಮಾಡಿ ನೋಡಿದ, ಕಂಡಿತು. ಫ್ರಾನ್ಸಿನವರು ಮಾಡಿ ನೋಡಿದರು, ಅವರಿಗೂ ಕಂಡಿತು. ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ತಮ್ಮಷ್ಟಕ್ಕೆ ತಾವೇ ಸ್ಫಟಿಕದಲ್ಲಿ ಇದನ್ನು ಆಗಲೇ ಕಂಡಿದ್ದರು. ಎನ್ ಕಿರಣದ ಗಾಳಿ ತೆಗೆದಿದ್ದ ವುಡ್ ಅಮೆರಿಕದಲ್ಲಿ ಪ್ರಯೋಗ ನಡೆಸಿ, ರಾಮನ್ ಹೇಳಿದ್ದು ಎಲ್ಲ ವಿವರಗಳಲ್ಲೂ ಸರಿಯಾಗಿದೆ ಎಂದು ‘ನೇಚರ್’ ಪತ್ರಿಕೆಗೆ ತಿಳಿಸಿದ. ಎರಡೇ ವರ್ಷಗಳಲ್ಲಿ, 1930ರಲ್ಲಿ, ನೊಬೆಲ್ ಬಹುಮಾನ ರಾಮನ್ ಅವರಿಗೆ ಸಂದಿತು. ಪರತಂತ್ರ ದೇಶವೊಂದರ ವಿಜ್ಞಾನಿಗೆ ಇಷ್ಟು ಬೇಗ ಲೋಕಮನ್ನಣೆ ದೊರೆಯಲು ಆ ಮರುಪ್ರಯೋಗಗಳು ಎಷ್ಟು ನೆರವಾದವೆಂದು ಯೋಚಿಸಿ ನೋಡಿ. ಮಾಡಿ ನೋಡುವವನಿಗೆ ಪ್ರಯೋಗ ಲಂಡನ್ನಿನದೋ ಕಲ್ಕತ್ತೆಯದೋ ಎಂಬ ಭೇದವಿಲ್ಲ.

ಹಾಡಿದ್ದೇ ಹಾಡಿದರೆ ಕೇಳುವವರಾರು?

ಇಷ್ಟು ಒಳ್ಳೆಯ ಪದ್ಧತಿ ಆಮೇಲೆ ಏಕೆ ಸಡಿಲವಾಯಿತು? ಕಾರಣಗಳು ಹಲವು.

ಮೊದಲನೆಯದು, ಹೊಸತಿನ ಹಂಬಲ. ಎರಡನೆಯ ಮಹಾಯುದ್ಧದ ನಂತರ ವಿಜ್ಞಾನಿಗಳ ಸಂಖ್ಯೆ, ಪತ್ರಿಕೆಗಳ ಸಂಖ್ಯೆ ವಿಪರೀತವಾಗಿ ಬೆಳೆಯಿತು. ನೌಕರಿ, ಬಡ್ತಿ, ಅನುದಾನ ಎಲ್ಲವೂ ಎಷ್ಟು ಪ್ರಬಂಧ ಅಚ್ಚಾಯಿತೆಂಬುದರ ಮೇಲೆ ನಿಂತವು. ಪತ್ರಿಕೆಗಳಿಗೆ ಬೇಕಾದದ್ದು ಹೊಸ ಸಂಗತಿ. ಬೇರೆಯವರ ಪ್ರಯೋಗವನ್ನು ಮತ್ತೆ ಮಾಡಿದೆ ಎಂದು ಬರೆದರೆ ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ ಎಂಬ ಮೂದಲಿಕೆಯೇ ಗತಿ. ಏನೂ ಪರಿಣಾಮ ಕಾಣದ ಪ್ರಯೋಗವನ್ನಂತೂ ಅಚ್ಚು ಹಾಕುವವರೇ ಇಲ್ಲ. ಅಂಥ ವರದಿಗಳು ಮೇಜಿನ ಖಾನೆಯಲ್ಲೇ ಉಳಿಯುತ್ತವೆ ಎಂದು ಮನೋವಿಜ್ಞಾನಿ ರಾಬರ್ಟ್ ರೋಸೆಂತಾಲ್ 1979ರಲ್ಲೇ ಎಚ್ಚರಿಸಿದ್ದರು.

ಎರಡನೆಯದು, ಸಂಖ್ಯಾಶಾಸ್ತ್ರದ ಅಡ್ಡಬಳಕೆ. ಆರ್. ಎ. ಫಿಷರ್ 1925ರ ತಮ್ಮ ಗ್ರಂಥದಲ್ಲಿ ಒಂದು ಅಳತೆಗೋಲನ್ನು ಬಳಕೆಗೆ ತಂದರು. ನಿಜವಾಗಿ ಏನೂ ಪರಿಣಾಮವಿಲ್ಲದಿದ್ದರೂ ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣುವ ಸಂಭವ ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ, ಆ ಫಲಿತಾಂಶ ಗಮನಾರ್ಹ ಎಂಬುದು ಆ ಗೋಲು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿ ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞರಾದ ಸಿ. ಆರ್. ರಾವ್ ಅವರು ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಮಾಡಿದ್ದು ಇದೇ ಫಿಷರ್ ಅವರ ಮಾರ್ಗದರ್ಶನದಲ್ಲಿ. ಒಂದೇ ಪ್ರಯೋಗದ ಫಲ ಸಾಲದು, ಮತ್ತೆ ಮತ್ತೆ ಮಾಡಿದಾಗಲೂ ಬರಬೇಕು ಎಂಬುದು ಫಿಷರ್ ಅವರ ನಿಲುವೂ ಆಗಿತ್ತು. ಮುಂದಿನವರು ಗೋಲನ್ನು ಇಟ್ಟುಕೊಂಡು ಈ ಮಾತನ್ನು ಬಿಟ್ಟರು.

ಇದರ ಅಪಾಯ ಎಂಥದೆಂದು ಒಂದು ಲೆಕ್ಕದಿಂದ ತಿಳಿಯಿರಿ. ಯಾವ ಗುಣವೂ ಇಲ್ಲದ ಒಂದು ಔಷಧಿಯನ್ನು ಇಪ್ಪತ್ತು ಪ್ರಯೋಗಶಾಲೆಗಳು ಪರೀಕ್ಷಿಸುತ್ತವೆ ಎನ್ನಿ. ಕನಿಷ್ಠ ಒಂದರಲ್ಲಾದರೂ ಅದು ‘ಗುಣಕಾರಿ’ ಎಂದು ಕಾಣುವ ಸಂಭವ ನೂರಕ್ಕೆ 64. ಹತ್ತೊಂಬತ್ತು ವರದಿಗಳು ಖಾನೆ ಸೇರಿ, ಆ ಒಂದು ಮಾತ್ರ ಅಚ್ಚಾದರೆ? ಓದಿದ ವೈದ್ಯರ ಪಾಲಿಗೆ ಔಷಧಿಗೆ ಗುಣವಿದೆ ಎಂದೇ ಅರ್ಥ.

ಒಬ್ಬನೇ ಸಂಶೋಧಕ ಒಂದೇ ಅಂಕಿಅಂಶವನ್ನು ಇಪ್ಪತ್ತು ಬಗೆಯಲ್ಲಿ ಹೊರಳಿಸಿ ನೋಡಿದರೂ ಫಲ ಇದೇ. 2011ರಲ್ಲಿ ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಮೂವರು ಇದನ್ನು ತಮಾಷೆಯಾಗಿಯೇ ಸಾಧಿಸಿ ತೋರಿಸಿದರು. ಚಾಲ್ತಿಯಲ್ಲಿದ್ದ ಲೆಕ್ಕಾಚಾರದ ಸಲಿಗೆಗಳನ್ನೆಲ್ಲ ಬಳಸಿಕೊಂಡು, ಬೀಟಲ್ಸ್ ತಂಡದ ಒಂದು ಹಾಡನ್ನು ಕೇಳಿದ ವಿದ್ಯಾರ್ಥಿಗಳ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಎಂದು ‘ಸಿದ್ಧಪಡಿಸಿದರು’. ಹಾಡು ಕೇಳಿ ವಯಸ್ಸು ಇಳಿಯುವುದುಂಟೇ? ಇಂಥ ಅಸಂಬದ್ಧವನ್ನೂ ಸಾಧಿಸಬಹುದಾದ ಪದ್ಧತಿಯಿಂದ ಇನ್ನೇನನ್ನು ತಾನೇ ಸಾಧಿಸಲಾಗದು ಎಂಬುದು ಅವರ ಪ್ರಶ್ನೆಯಾಗಿತ್ತು.

ಮೂರನೆಯದು, ಅರೆಬರೆ ವಿವರ. ಮೈಸೂರುಪಾಕು ಮಾಡುವ ವಿಧಾನವನ್ನು ಬರೆದುಕೊಡಿ ಎಂದರೆ, ಸಕ್ಕರೆ ಪಾಕಕ್ಕೆ ಹಿಟ್ಟು, ತುಪ್ಪ ಹಾಕಿ ಕೆದಕಿ ಎಂದಷ್ಟೇ ಬರೆದುಕೊಟ್ಟರೆ ಹೇಗೆ? ಪಾಕ ಎಷ್ಟೆಳೆ ಬರಬೇಕು, ತುಪ್ಪ ಎಷ್ಟು ಕಾದಿರಬೇಕು ಎಂಬುದರಲ್ಲೇ ಎಲ್ಲ ಗುಟ್ಟೂ ಇದೆ. ವಿಜ್ಞಾನ ಪ್ರಬಂಧಗಳೂ ಹೀಗೆ ಕಣ್ಣಳತೆಯ ಅಡುಗೆಯಾದವು. ಬಾಯ್ಲ್ ಪುಟಗಟ್ಟಲೆ ಬರೆದದ್ದನ್ನು ಇವರು ಎರಡು ಸಾಲಿನಲ್ಲಿ ಮುಗಿಸಿದರು.

ರೋಗಿಯ ಹಾಸಿಗೆಯವರೆಗೆ

ಇದು ವಿದ್ವಾಂಸರೊಳಗಿನ ಜಗಳ, ನಮಗೇನು ಎಂದು ನೀವು ಭಾವಿಸಬಾರದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಒಂದು ತಂಡ 2006ರಲ್ಲಿ ಮಹತ್ವದ ಪ್ರಬಂಧವೊಂದನ್ನು ಪ್ರಕಟಿಸಿತು. ಕ್ಯಾನ್ಸರ್ ಗೆಡ್ಡೆಯ ಜೀನುಗಳ ಚಟುವಟಿಕೆಯನ್ನು ನೋಡಿ ಯಾವ ರೋಗಿಗೆ ಯಾವ ಔಷಧಿ ಹಿಡಿಯುತ್ತದೆಂದು ಮುಂಚೆಯೇ ಹೇಳಬಹುದು ಎಂಬುದು ಅದರ ಸಾರಾಂಶ. ಹೂಸ್ಟನ್ನಿನ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಆ ಲೆಕ್ಕವನ್ನು ತಾವೂ ಮಾಡಿ ನೋಡಹೊರಟರು. ತಾಳೆಯಾಗಲಿಲ್ಲ. ಕೆದಕುತ್ತ ಹೋದಾಗ, ಅಂಕಿಗಳ ಪಟ್ಟಿಯಲ್ಲಿ ಸಾಲುಗಳು ಒಂದೊಂದು ಸ್ಥಾನ ಜರುಗಿ ಜೀನುಗಳ ಹೆಸರೇ ಅದಲುಬದಲಾಗಿದ್ದದ್ದು ಕಂಡಿತು. ಕೆಲವು ಕಡೆ ಔಷಧಿ ಹಿಡಿಯುವ ಮಾದರಿಗಳಿಗೂ ಹಿಡಿಯದ ಮಾದರಿಗಳಿಗೂ ಗುರುತುಚೀಟಿ ತಿರುಗುಮುರುಗಾಗಿತ್ತು.

ಅಷ್ಟರಲ್ಲಿ ಈ ಲೆಕ್ಕವನ್ನೇ ನಂಬಿ ರೋಗಿಗಳಿಗೆ ಔಷಧಿ ಆರಿಸುವ ಪರೀಕ್ಷೆಗಳು ಆರಂಭವಾಗಿದ್ದವು. ನೂರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳು ಅವುಗಳಲ್ಲಿ ಸೇರಿದ್ದರು. ಇಬ್ಬರೂ ವರ್ಷಗಟ್ಟಲೆ ಪತ್ರ ಬರೆದರು, 2009ರಲ್ಲಿ ಪ್ರಬಂಧ ಪ್ರಕಟಿಸಿದರು. 2010ರಲ್ಲಿ ಆ ಪರೀಕ್ಷೆಗಳು ನಿಂತವು. ಬಳಿಕ ಒಂದರ ಹಿಂದೆ ಒಂದು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಲಾಯಿತು. ಬದುಕಿನ ಕೊನೆಯ ಆಸೆ ಹಿಡಿದು ಬಂದ ರೋಗಿಗಳಿಗೆ, ಅವರ ಮನೆಯವರಿಗೆ, ಲೆಕ್ಕ ತಾಳೆ ನೋಡುವುದು ಒಣ ಪಾಂಡಿತ್ಯದ ಮಾತಾಗಿ ಕಂಡೀತೇ?

ಇದು ಒಂಟಿ ಪ್ರಸಂಗವಾಗಿರಲಿಲ್ಲ. ಪ್ರಕಟವಾದ ಸಂಶೋಧನಾ ಫಲಿತಾಂಶಗಳಲ್ಲಿ ಬಹುಪಾಲು ತಪ್ಪೇ ಇರಬಹುದೆಂದು ಜಾನ್ ಅಯನಿಡಿಸ್ 2005ರಲ್ಲೇ ಗಣಿತದ ಆಧಾರದಿಂದ ವಾದಿಸಿದ್ದರು. 2012ರಲ್ಲಿ ಆಮ್ಜೆನ್ ಎಂಬ ಔಷಧ ಕಂಪನಿಯ ಅನುಭವ ಹೊರಬಂತು. ಕ್ಯಾನ್ಸರ್ ಸಂಶೋಧನೆಯ 53 ಪ್ರಮುಖ ಪ್ರಬಂಧಗಳನ್ನು ಅವರು ಪರೀಕ್ಷಿಸಿದಾಗ ಫಲಿತಾಂಶ ದೃಢಪಟ್ಟದ್ದು 6ರಲ್ಲಿ ಮಾತ್ರ. 2015ರಲ್ಲಿ ಬ್ರಯನ್ ನೋಸೆಕ್ ಮುಂದಾಳುತನದಲ್ಲಿ ಸುಮಾರು 270 ಮಂದಿ ಸೇರಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿದರು. ಮೂಲದಲ್ಲಿ 97 ಅಧ್ಯಯನಗಳು ಗಮನಾರ್ಹ ಫಲ ತೋರಿಸಿದ್ದವು. ಮರುಪ್ರಯೋಗದಲ್ಲಿ ಹಾಗೆ ತೋರಿಸಿದವು ನೂರಕ್ಕೆ 36 ಮಾತ್ರ. 2021ರಲ್ಲಿ ಮುಗಿದ ಮತ್ತೊಂದು ಯೋಜನೆಯಲ್ಲಿ ಕ್ಯಾನ್ಸರ್ ಜೀವವಿಜ್ಞಾನದ 193 ಪ್ರಯೋಗಗಳನ್ನು ಮತ್ತೆ ಮಾಡಬೇಕೆಂದಿದ್ದರು. ಮೂಲ ಲೇಖಕರನ್ನು ಕೇಳದೆ ಮಾಡಬಹುದಾದಷ್ಟು ವಿವರ ಅವುಗಳಲ್ಲಿ ಒಂದರಲ್ಲೂ ಇರಲಿಲ್ಲ. ಕೊನೆಗೆ ಮಾಡಲಾದದ್ದು 50 ಮಾತ್ರ.

ಎಲ್ಲವೂ ಮೋಸವೆಂದು ಇದರ ಅರ್ಥವಲ್ಲ. ಮರುಪ್ರಯೋಗ ಕೈಗೂಡದಿದ್ದರೆ ಮೂಲವೇ ತಪ್ಪಿರಬಹುದು, ಮತ್ತೆ ಮಾಡಿದವರೇ ತಪ್ಪಿರಬಹುದು, ಅಥವಾ ಇಬ್ಬರ ಪರಿಸ್ಥಿತಿಯಲ್ಲೂ ಗಮನಕ್ಕೆ ಬಾರದ ವ್ಯತ್ಯಾಸವಿರಬಹುದು. ಲೀವೆನ್‌ಹುಕ್‌ನ ಮೆಣಸಿನ ನೀರನ್ನು ಮರೆಯಬೇಡಿ.

ಮೊದಲೇ ಬರೆದಿಡುವ ಪದ್ಧತಿ

ಹಾಗಾದರೆ ಪರಿಹಾರ? ಕಳೆದ ಕಾಲು ಶತಮಾನದಲ್ಲಿ ಕೆಲವು ಒಳ್ಳೆಯ ಕೆಲಸಗಳಾಗಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಯೋಗಕ್ಕೆ ಮುಂಚೆಯೇ ನೋಂದಣಿ. ಯಾವ ಔಷಧಿ, ಎಷ್ಟು ರೋಗಿಗಳು, ಯಾವುದನ್ನು ಗುಣವೆಂದು ಎಣಿಸುತ್ತೇವೆ ಎಂಬುದನ್ನೆಲ್ಲ ಆರಂಭದಲ್ಲೇ ಸಾರ್ವಜನಿಕ ದಾಖಲೆಯಲ್ಲಿ ಬರೆದಿಡಬೇಕು. ಬಾಣ ನಾಟಿದ ಮೇಲೆ ಅದರ ಸುತ್ತ ಗುರಿಯ ವೃತ್ತ ಬರೆಯುವಂತಿಲ್ಲ. ಅಮೆರಿಕದಲ್ಲಿ ಇಂಥ ದಾಖಲೆ 2000ದಲ್ಲಿ ಸಾರ್ವಜನಿಕರಿಗೆ ತೆರೆಯಿತು. ನೋಂದಾಯಿಸದ ಪರೀಕ್ಷೆಯ ವರದಿಯನ್ನು ಅಚ್ಚು ಹಾಕುವುದಿಲ್ಲವೆಂದು ಪ್ರಮುಖ ವೈದ್ಯ ಪತ್ರಿಕೆಗಳ ಸಂಪಾದಕರು 2004ರಲ್ಲಿ ಸಾರಿದರು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರ ಜುಲೈಯಲ್ಲಿ ಇಂಥ ನೋಂದಣಿ ಆರಂಭವಾಯಿತು; 2009ರ ಜೂನ್ 15ರಿಂದ ಔಷಧ ನಿಯಂತ್ರಕರು ಅದನ್ನು ಕಡ್ಡಾಯಗೊಳಿಸಿದರು.

ಇದರಿಂದ ಏನಾಯಿತೆಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸುತ್ತದೆ. ಅಮೆರಿಕ ಸರ್ಕಾರದ ಹೃದಯರೋಗ ಸಂಸ್ಥೆಯ ಹಣದಿಂದ ನಡೆದ ದೊಡ್ಡ ಪರೀಕ್ಷೆಗಳಲ್ಲಿ, 2000ಕ್ಕೆ ಮುಂಚಿನ 30ರಲ್ಲಿ 17 ಚಿಕಿತ್ಸೆಗಳು ಗುಣಕಾರಿ ಎಂದಿದ್ದವು. ಮುಂಚಿತ ನೋಂದಣಿ ಬಂದ ಮೇಲಿನ 25ರಲ್ಲಿ ಹಾಗೆಂದವು ಎರಡೇ. ಔಷಧಿಗಳು ಒಮ್ಮೆಲೇ ಕೆಟ್ಟುಹೋದವೆಂದು ಇದರ ಅರ್ಥವೇ? ಲೆಕ್ಕವನ್ನು ಬೇಕಾದಂತೆ ಹೊರಳಿಸುವ ದಾರಿ ಮುಚ್ಚಿದ್ದು ಮುಖ್ಯ ಕಾರಣವಿರಬೇಕೆಂದು ಆ ಅಧ್ಯಯನ ಮಾಡಿದವರು ಭಾವಿಸಿದ್ದಾರೆ.

ಇನ್ನೊಂದು ಸುಧಾರಣೆ ಪತ್ರಿಕೆಗಳದು. ಫಲಿತಾಂಶ ಬರುವ ಮೊದಲೇ, ಪ್ರಶ್ನೆ ಮತ್ತು ವಿಧಾನಗಳನ್ನು ಮಾತ್ರ ನೋಡಿ ಪ್ರಬಂಧವನ್ನು ಒಪ್ಪಿಕೊಳ್ಳುವ ಕ್ರಮವನ್ನು ‘ಕಾರ್ಟೆಕ್ಸ್’ ಎಂಬ ಪತ್ರಿಕೆ 2013ರಲ್ಲಿ ಆರಂಭಿಸಿತು. ಈಗ ನೂರಾರು ಪತ್ರಿಕೆಗಳು ಅದನ್ನು ಅನುಸರಿಸುತ್ತಿವೆ. ಫಲ ಹೌದೆಂದರೂ ಅಚ್ಚು, ಇಲ್ಲವೆಂದರೂ ಅಚ್ಚು. ಮೇಜಿನ ಖಾನೆಗೆ ಇನ್ನು ಕೆಲಸ ಕಡಿಮೆ. ಮೂಲ ಅಂಕಿಅಂಶಗಳನ್ನೂ ಲೆಕ್ಕದ ಕ್ರಮವನ್ನೂ ಎಲ್ಲರಿಗೂ ಸಿಗುವಂತೆ ಇಡಬೇಕೆಂಬ ಒತ್ತಾಯವೂ ಬೆಳೆಯುತ್ತಿದೆ. ಬಾಯ್ಲ್ ಇದ್ದಿದ್ದರೆ ಈ ಎರಡಕ್ಕೂ ತಲೆದೂಗುತ್ತಿದ್ದ.

ಮಾಡಿ ನೋಡುವ ಹುಮ್ಮಸ್ಸು ಇನ್ನೂ ಬತ್ತಿಲ್ಲ. 2023ರ ಜುಲೈಯಲ್ಲಿ ದಕ್ಷಿಣ ಕೊರಿಯದ ತಂಡವೊಂದು ಸಾಮಾನ್ಯ ಉಷ್ಣತೆಯಲ್ಲೇ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಯುವ ವಸ್ತು ಸಿಕ್ಕಿತೆಂದು ಪ್ರಕಟಿಸಿತು. ನಿಜವಾಗಿದ್ದರೆ ಲೋಕದ ಚಹರೆಯೇ ಬದಲಾಗುತ್ತಿತ್ತು. ಅವರು ತಯಾರಿಕೆಯ ಕ್ರಮವನ್ನು ಬರೆದಿದ್ದರಿಂದ, ವಾರ ಕಳೆಯುವುದರೊಳಗೆ ಹಲವು ದೇಶಗಳಲ್ಲಿ ಕುಲುಮೆಗಳು ಹೊತ್ತಿದವು. ಮೊದಮೊದಲು ಮಾಡಿ ನೋಡಿ ಇಲ್ಲವೆಂದವರಲ್ಲಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೂ ಇದ್ದರು. ಆಗಸ್ಟ್ ಮುಗಿಯುವ ಮೊದಲೇ ಹೆಚ್ಚಿನವರಿಗೆ ಉತ್ತರ ತಿಳಿಯಿತು: ಆ ವಿಚಿತ್ರ ವರ್ತನೆಗೆ ಅದರಲ್ಲಿ ಬೆರೆತಿದ್ದ ತಾಮ್ರದ ಗಂಧಕ ಸಂಯುಕ್ತ ಬಹುಮಟ್ಟಿಗೆ ಕಾರಣ. ಲೀವೆನ್‌ಹುಕ್‌ನ ಮಾತು ಖಚಿತವಾಗಲು ಒಂದು ವರ್ಷ ಹಿಡಿದಿತ್ತು.

ಓದುಗರೇ, ಪ್ರಯೋಗಶಾಲೆಯ ಬಾಗಿಲು ನಮಗೆ ನಿಮಗೆಲ್ಲ ತೆರೆದಿಲ್ಲ, ನಿಜ. ಆದರೆ ಕೇಳುವ ಬಾಯಿ ಎಲ್ಲರಿಗೂ ಇದೆ. ನಾಳೆ ಪತ್ರಿಕೆಯಲ್ಲಿ ಹೊಸ ಔಷಧಿಯ, ಹೊಸ ಆಹಾರದ, ಹೊಸ ಕಂಡುಹಿಡಿಕೆಯ ಸುದ್ದಿ ಬಂದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಇದನ್ನು ಸಂಬಂಧವಿಲ್ಲದ ಇನ್ನೊಬ್ಬರು ಮಾಡಿ ನೋಡಿದ್ದಾರೆಯೇ? ಏನನ್ನು ಅಳೆಯುತ್ತೇವೆಂದು ಮೊದಲೇ ಬರೆದಿಟ್ಟಿದ್ದರೇ? ಇಲ್ಲವೆಂಬ ಉತ್ತರ ಬಂದಿದ್ದರೆ ಆಗಲೂ ನಮಗೆ ತಿಳಿಸುತ್ತಿದ್ದರೇ? ಈ ಮೂರಕ್ಕೂ ಹೌದೆಂಬ ಉತ್ತರ ಸಿಗುವವರೆಗೆ ಆ ಸುದ್ದಿಯನ್ನು ಅಲ್ಲಗಳೆಯಲೂ ಬೇಡಿ, ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಲೂ ಬೇಡಿ. ಸ್ವಲ್ಪ ಕಾಯಿರಿ. ಅಷ್ಟರಲ್ಲಿ ಎಲ್ಲೋ ಒಬ್ಬರು ಅದನ್ನು ಮತ್ತೊಮ್ಮೆ ಮಾಡಿ ನೋಡುತ್ತಿರುತ್ತಾರೆ.